ಕೋರ್ಟ್ ಕೆಲಸಕ್ಕೆ ಎಐ: ಯಾವ ಕೆಲಸಕ್ಕೆ ಯಾವ ಪ್ರಾಂಪ್ಟ್?

ಸಂಚಕಾರ ಪತ್ರ ಅಂದರೆ ಏನು ಅಂತ ನಮ್ಮ ಬಾಗಲಕೋಟೆ ಕಡೆಯ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಹೊಲ ಖರೇದಿ ಆಗೋಕೆ ಮುಂಚೆ ಒಂದಿಷ್ಟು ಹಣ ಕೊಟ್ಟು ಬರೆಸಿಕೊಳ್ಳೋ ಕರಾರು. ಅಂಥದ್ದೊಂದು ಪತ್ರವನ್ನು ಎಐಗೆ ಕೊಟ್ಟು, ‘ಇದರ ಸಾರಾಂಶ ಇಂಗ್ಲಿಷಿನಲ್ಲಿ ಬರೆ’ ಅಂತ ಒಂದೇ ಸಾಲು ಹಾಕಿದ್ದೆ. ಅದು ಸಂಚಕಾರವನ್ನು ಅಪಾಯ ಅಂತ ತಿಳಿದುಕೊಂಡು, ಹೊಲದವರು ಎದುರಿನವರಿಗೆ ಬೆದರಿಕೆ ಹಾಕಿದ್ದಾರೆ ಅನ್ನೋ ಹಾಗೆ ಬರೆದುಕೊಟ್ಟಿತು. ಪ್ರಾಣಕ್ಕೆ ಸಂಚಕಾರ ಅಂತೀವಲ್ಲ, ಆ ಅರ್ಥವನ್ನು ಹಿಡಿದಿತ್ತು. ಎರಡನೇ ಸಲ ‘ಸಂಚಕಾರ ಪತ್ರ ಅಂದರೆ ಅಗ್ರಿಮೆಂಟ್ ಆಫ್ ಸೇಲ್’ ಅಂತ ಇನ್ನೊಂದು ಸಾಲು ಸೇರಿಸಿದೆ. ಸಾರಾಂಶ ಸರಿಯಾಗಿ ಬಂತು. ಕಾಗದ ಅದೇ, ಎಐ ಅದೇ, ಬದಲಾದದ್ದು ನಾನು ಹೇಳಿದ ರೀತಿ ಮಾತ್ರ.

ನವನಗರದ ಕೋರ್ಟಿನಲ್ಲಿ ಜೂನಿಯರ್‌ಗಳು ನನ್ನನ್ನು ಜಾಸ್ತಿ ಕೇಳೋದು ‘ಸರ್, ಚಾಟ್‌ಜಿಪಿಟಿ ಒಳ್ಳೇದಾ, ಜೆಮಿನಿ ಒಳ್ಳೇದಾ, ಕ್ಲಾಡ್ ಒಳ್ಳೇದಾ?’ ಅಂತ. ನನ್ನ ಅನುಭವದಲ್ಲಿ ಆ ಆಯ್ಕೆಗಿಂತ ಮುಖ್ಯವಾದ ಆಯ್ಕೆ ಬೇರೆ ಇದೆ. ಹೇಗೆ ಕೇಳಬೇಕು ಅನ್ನೋದು, ಅಂದರೆ ಎಐಗೆ ನಾವು ಬರೆದು ಕೊಡೋ ಸೂಚನೆ, ಪ್ರಾಂಪ್ಟ್. ಒಂದೇ ಕೆಲಸಕ್ಕೆ ನಾಲ್ಕಾರು ರೀತಿಯಲ್ಲಿ ಕೇಳಬಹುದು, ಮತ್ತು ಯಾವ ರೀತಿ ಯಾವ ಕೆಲಸಕ್ಕೆ ಹೊಂದುತ್ತೆ ಅಂತ ಗೊತ್ತಿದ್ದರೆ ಉಚಿತ ಖಾತೆಯಲ್ಲೂ ಒಳ್ಳೆಯ ಕೆಲಸ ತೆಗೆಯಬಹುದು. ಅದನ್ನೇ ಇಲ್ಲಿ ಒಂದರ ಪಕ್ಕ ಒಂದು ಇಟ್ಟು ನೋಡೋಣ.

ಅದರ ನೆನಪಿನಿಂದ ಕೇಳೋದಾ, ಕಾಗದ ಕೊಟ್ಟು ಕೇಳೋದಾ?

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದೇ. ಉಳಿದದ್ದರಲ್ಲಿ ತಪ್ಪಿದರೆ ಸಮಯ ಹೋಗುತ್ತೆ, ಇದರಲ್ಲಿ ತಪ್ಪಿದರೆ ವಕೀಲಿ ಸನ್ನದಿಗೇ ಕುತ್ತು.

‘ಸಂಚಕಾರ ಪತ್ರದ ದಾವೆಯಲ್ಲಿ ವಾದಿ ಪರವಾಗಿ ಐದು ಸುಪ್ರೀಂ ಕೋರ್ಟ್ ತೀರ್ಪು ಕೊಡು’ ಅಂತ ಬರೆದರೆ ಎಐ ಐದು ಕೊಡುತ್ತೆ. ಹೆಸರು ಇರುತ್ತೆ, ವರ್ಷ ಇರುತ್ತೆ, ಪ್ಯಾರಾ ನಂಬರೂ ಇರುತ್ತೆ. ಅದರಲ್ಲಿ ಎರಡು ನಿಜ ಇರಬಹುದು, ಮೂರು ಹುಟ್ಟಿಯೇ ಇರದ ತೀರ್ಪು ಆಗಿರಬಹುದು. ಅದು ಲೈಬ್ರರಿಯ ಕಪಾಟಿನಿಂದ ಪುಸ್ತಕ ತೆಗೆದು ಓದುತ್ತಿಲ್ಲ. ಇಂಥ ಪದ ಆದ ಮೇಲೆ ಎಂಥ ಪದ ಬರುತ್ತೆ ಅಂತ ಅಂದಾಜು ಮಾಡಿ ಬರೆಯುತ್ತೆ, ತೀರ್ಪಿನ ಹೆಸರನ್ನೂ ಹಾಗೇ ಬರೆಯುತ್ತೆ. 2023ರಲ್ಲಿ ನ್ಯೂಯಾರ್ಕಿನ ಮಾಟಾ ವಿರುದ್ಧ ಏವಿಯಾಂಕಾ ಪ್ರಕರಣದಲ್ಲಿ ಆಗಿದ್ದು ಇದೇ. ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಹಾಗೇ ಕೋರ್ಟಿಗೆ ಹಾಕಿದರು, ಅವು ಇರಲೇ ಇಲ್ಲ, 5,000 ಡಾಲರ್ ದಂಡ ಬಿತ್ತು. ಅದರಲ್ಲಿ ನನಗೆ ಮರೆಯೋಕೆ ಆಗದ ಭಾಗ ಇನ್ನೊಂದಿದೆ. ಅನುಮಾನ ಬಂದಾಗ ಆ ವಕೀಲರು ‘ಈ ತೀರ್ಪು ನಿಜವಾ?’ ಅಂತ ಚಾಟ್‌ಜಿಪಿಟಿಯನ್ನೇ ಕೇಳಿದ್ದರು, ಅದು ಹೌದು ಅಂದಿತ್ತು. ಸಾಕ್ಷಿದಾರನ ಮಾತು ನಿಜವೋ ಸುಳ್ಳೋ ಅಂತ ಅದೇ ಸಾಕ್ಷಿದಾರನನ್ನು ಕೇಳಿ ಸುಮ್ಮನಾಗೋದು ನಮ್ಮ ಕೆಲಸ ಅಲ್ಲ, ಅಲ್ವಾ?

ದೂರದ ಮಾತು ಅಂತ ಬಿಡಬೇಡಿ. 2025ರಲ್ಲಿ ನಮ್ಮ ಹೈಕೋರ್ಟ್ ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಒಂದು ಆದೇಶವನ್ನು ನೋಡುವಾಗ, ಅದರಲ್ಲಿ ಉಲ್ಲೇಖ ಆಗಿದ್ದ ಸುಪ್ರೀಂ ಕೋರ್ಟ್ ತೀರ್ಪುಗಳು ಇಲ್ಲವೇ ಇಲ್ಲ ಅನ್ನೋದನ್ನು ಗಂಭೀರವಾಗಿ ತೆಗೆದುಕೊಂಡಿತು. ಕೇರಳ ಹೈಕೋರ್ಟ್ ಅದೇ ವರ್ಷ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗದಲ್ಲಿ ಎಐ ಬಳಕೆಗೆ ಒಂದು ನೀತಿಯನ್ನೇ ತಂದಿತು.

ಎರಡನೇ ರೀತಿ ನೋಡಿ. ತೀರ್ಪನ್ನು ನೀವೇ ಹುಡುಕಿ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಪೋರ್ಟಲ್ 2023ರಿಂದ ಉಚಿತವಾಗಿದೆ. ನಮ್ಮ ಹೈಕೋರ್ಟಿನ ತೀರ್ಪುಗಳಿಗೆ ನ್ಯೂಟ್ರಲ್ ಸೈಟೇಷನ್, ಅಂದರೆ ಕೋರ್ಟೇ ಕೊಡೋ ಗುರುತಿನ ಸಂಖ್ಯೆ ಇದೆ, ಧಾರವಾಡ ಪೀಠದ್ದಾದರೆ ವರ್ಷ ಆದ ಮೇಲೆ ಕೆಎಚ್‌ಸಿ-ಡಿ ಅಂತ, ಕಲಬುರಗಿಯದ್ದಾದರೆ ಕೆಎಚ್‌ಸಿ-ಕೆ ಅಂತ ಇರುತ್ತೆ. ತೀರ್ಪಿನ ಪಿಡಿಎಫ್ ಇಳಿಸಿಕೊಂಡು ಎಐಗೆ ಕೊಟ್ಟು ಹೀಗೆ ಬರೆಯಿರಿ:

‘ಈ ತೀರ್ಪನ್ನು ಮಾತ್ರ ನೋಡಿ ಉತ್ತರ ಕೊಡು. ವಾದಿ ತನ್ನ ಪಾಲಿನ ಹಣ ಕೊಡೋಕೆ ಸಿದ್ಧನಿದ್ದ ಅನ್ನೋದನ್ನು ಹೇಗೆ ಸಾಬೀತು ಮಾಡಬೇಕು ಅಂತ ಕೋರ್ಟ್ ಹೇಳಿದೆ? ಪ್ರತಿ ಮಾತಿಗೂ ಪ್ಯಾರಾ ನಂಬರ್ ಕೊಡು, ಆ ಪ್ಯಾರಾದ ಮೂಲ ಸಾಲನ್ನು ಹಾಗೇ ಎತ್ತಿ ಬರೆ. ತೀರ್ಪಿನಲ್ಲಿ ಇಲ್ಲದಿದ್ದರೆ ಇಲ್ಲ ಅಂತ ಹೇಳು. ವಾದಿಸಿದ ವಕೀಲರ ಮಾತನ್ನೂ ಕೋರ್ಟಿನ ನಿರ್ಣಯವನ್ನೂ ಬೇರೆ ಬೇರೆ ಮಾಡು.’

ಕೊನೆಯ ಸಾಲು ತುಂಬಾ ಮುಖ್ಯ. ಸೋತವರ ವಾದವನ್ನೇ ಕೋರ್ಟ್ ಹೇಳಿದ ಹಾಗೆ ಅದು ಬರೆದುಬಿಡೋದು ನಾನು ಬಹಳ ಸಲ ನೋಡಿದ್ದೇನೆ. ಪ್ಯಾರಾ ನಂಬರ್ ಕೇಳಿದ್ದರೆ ನಿಮಗೆ ತಾಳೆ ನೋಡೋಕೆ ಐದು ನಿಮಿಷ ಸಾಕು. ಕೇಳದಿದ್ದರೆ ಅರವತ್ತು ಪುಟ ಮತ್ತೆ ನೀವೇ ಓದಬೇಕು.

ಹಾಗಾದರೆ ನೆನಪಿನಿಂದ ಕೇಳೋ ಪ್ರಾಂಪ್ಟ್ ಪೂರ್ತಿ ಬೇಡವಾ? ಬೇಕು. ಹೊಸ ವಿಷಯದ ಬಾಗಿಲು ತೆರೆಯೋಕೆ, ‘ಈ ತಕರಾರಿನಲ್ಲಿ ಯಾವ ಯಾವ ಪ್ರಶ್ನೆ ಏಳಬಹುದು’ ಅಂತ ಪಟ್ಟಿ ಮಾಡಿಸೋಕೆ, ಇ-ಎಸ್‌ಸಿಆರ್‌ನಲ್ಲಿ ಯಾವ ಪದ ಹಾಕಿ ಹುಡುಕಬೇಕು ಅಂತ ತಿಳಿಯೋಕೆ ಅದು ಚೆನ್ನಾಗಿದೆ. ಈಗ ಇಂಟರ್‌ನೆಟ್ಟಿನಲ್ಲಿ ಹುಡುಕಿ ಉತ್ತರ ಕೊಡೋ ಸೌಲಭ್ಯವೂ ಇದೆ, ಅದು ಮೊದಲಿಗಿಂತ ವಾಸಿ, ಆದರೂ ಕೊಟ್ಟ ಲಿಂಕ್ ತೆರೆದು ತೀರ್ಪನ್ನು ಕಣ್ಣಾರೆ ನೋಡದೆ ಒಂದು ಹೆಸರೂ ಕಾಗದದ ಮೇಲೆ ಬರಬಾರದು.

ಒಂದು ಸಾಲಿನದ್ದಾ, ವಿವರವಾದದ್ದಾ?

ಚೆಕ್ ಬೌನ್ಸ್ ನೋಟಿಸ್ ತೆಗೆದುಕೊಳ್ಳಿ. ದಿನಕ್ಕೊಂದು ಬರೆಯೋ ಕೆಲಸ. ‘ಚೆಕ್ ಬೌನ್ಸ್ ನೋಟಿಸ್ ಬರೆದುಕೊಡು’ ಅಂದರೆ ನೋಡೋಕೆ ಚೆಂದದ ನೋಟಿಸ್ ಬರುತ್ತೆ. ಒಳಗೆ ಮಾತ್ರ ಚೆಕ್ ಮೊತ್ತ, ಬಡ್ಡಿ, ಮಾನಸಿಕ ಹಿಂಸೆಯ ಪರಿಹಾರ ಎಲ್ಲ ಒಂದೇ ಮೊತ್ತವಾಗಿ ಕಲಸಿಹೋಗಿರಬಹುದು. ಚೆಕ್ ಬೌನ್ಸಿಗೆ ಸಂಬಂಧಿಸಿದ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ನೋಟಿಸಿನಲ್ಲಿ ಚೆಕ್ಕಿನ ಮೊತ್ತದ ಬೇಡಿಕೆ ಸ್ಪಷ್ಟವಾಗಿ ಇರದಿದ್ದರೆ ಕೇಸಿನ ಬುಡವೇ ಅಲ್ಲಾಡುತ್ತೆ. ದಿನದ ಲೆಕ್ಕದಲ್ಲೂ ಅಷ್ಟೇ. 2002ರ ತಿದ್ದುಪಡಿಗೆ ಮುಂಚೆ ನೋಟಿಸ್ ಕೊಡೋಕೆ 15 ದಿನ ಇತ್ತು, ಈಗ 30 ದಿನ. ಹಳೆಯ ಬರಹಗಳನ್ನೂ ಓದಿ ಬೆಳೆದ ಎಐ ಎರಡನ್ನೂ ಕಲಸೋ ಸಾಧ್ಯತೆ ಇದೆ.

ನಾನು ಕೊಡೋದು ಹೀಗೆ: ಯಾರು ಯಾರಿಗೆ, ಯಾವ ವ್ಯವಹಾರಕ್ಕೆ, ಚೆಕ್ ತಾರೀಖು, ಮೊತ್ತ, ಚೆಕ್ ವಾಪಸ್ ಆಗಿದೆ ಅನ್ನೋ ಬ್ಯಾಂಕಿನ ಮೆಮೊ ಕೈಗೆ ಬಂದ ತಾರೀಖು, ಮೆಮೊದಲ್ಲಿ ಬರೆದ ಕಾರಣ. ಆಮೇಲೆ ನಿಯಮ. ‘ಮೆಮೊ ಬಂದ 30 ದಿನದ ಒಳಗೆ ನೋಟಿಸ್, ನೋಟಿಸ್ ಮುಟ್ಟಿದ 15 ದಿನದಲ್ಲಿ ಹಣ ಕೊಡಬೇಕು. ಬೇಡಿಕೆ ಚೆಕ್ಕಿನ ಮೊತ್ತಕ್ಕೆ ಮಾತ್ರ. ನಾನು ಕೊಡದ ಯಾವ ಸಂಗತಿಯನ್ನೂ ಸೇರಿಸಬೇಡ, ಬೇಕಾದ ಮಾಹಿತಿ ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು ಗುರುತು ಹಾಕು.’ ಕಾನೂನನ್ನು ಅದರಿಂದ ಕೇಳಲಿಲ್ಲ ನೋಡಿ, ನಾನೇ ಹೇಳಿದೆ. ಬರವಣಿಗೆ ಮಾತ್ರ ಅದರದ್ದು. ಮೆಮೊ 2025ರ ಮಾರ್ಚ್ 3ಕ್ಕೆ ಬಂದಿದ್ದರೆ ಕೊನೆಯ ದಿನ ಏಪ್ರಿಲ್ 2. ಈ ಲೆಕ್ಕವನ್ನೂ ಗೋಡೆಯ ಕ್ಯಾಲೆಂಡರ್ ನೋಡಿ ಕೈಯಲ್ಲೇ ಎಣಿಸಿ. ತಾರೀಖು ಎಣಿಸೋದರಲ್ಲಿ ಎಐ ಆಗಾಗ ಎಡವುತ್ತೆ.

ವಿವರ ಅಂದರೆ ಉದ್ದ ಅಂತ ಅಲ್ಲ. ‘ನೀನು ಮೂವತ್ತು ವರ್ಷ ಅನುಭವದ ಶ್ರೇಷ್ಠ ವಕೀಲ’ ಅಂತ ಶುರು ಮಾಡೋ ಪ್ರಾಂಪ್ಟುಗಳು ವಾಟ್ಸಾಪಿನಲ್ಲಿ ಬಹಳ ಓಡಾಡುತ್ತವೆ. ಅದರಿಂದ ಭಾಷೆ ಸ್ವಲ್ಪ ಗಟ್ಟಿ ಆಗಬಹುದು, ಕಾನೂನಿನ ತಿಳಿವಳಿಕೆ ಒಂದು ಗುಂಜಿಯೂ ಹೆಚ್ಚೋದಿಲ್ಲ. ಆ ಸಾಲಿನ ಬದಲು ಒಂದು ತಾರೀಖು ಕೊಡಿ.

ತಾರೀಖು ಅಂದೆ ಅಲ್ವಾ, ಕ್ರಿಮಿನಲ್ ಕೆಲಸದಲ್ಲಿ ಅದೇ ಎಲ್ಲ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದವು, ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂತು. ‘482 ಅರ್ಜಿ ಬರೆದುಕೊಡು’ ಅಂತ ಸುಮ್ನೆ ಬರೆದರೆ ಏನಾಗುತ್ತೆ ಯೋಚಿಸಿ. ಹಳೆಯ ಸಿಆರ್‌ಪಿಸಿಯಲ್ಲಿ 482 ಅಂದರೆ ಕೇಸು ರದ್ದು ಮಾಡಿಸೋಕೆ ಹೈಕೋರ್ಟಿಗೆ ಹೋಗೋದು. ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು, ರದ್ದತಿ 528ಕ್ಕೆ ಹೋಗಿದೆ. ಅಂಕಿ ಒಂದೇ, ಕೆಲಸ ಎರಡು. ಪ್ರಾಂಪ್ಟಿನಲ್ಲಿ ಅಪರಾಧ ನಡೆದ ತಾರೀಖು, ಎಫ್‌ಐಆರ್ ತಾರೀಖು, ಕಾಯ್ದೆಯ ಪೂರ್ತಿ ಹೆಸರು ಮೂರೂ ಇರಲೇಬೇಕು.

ಊರೂ ಬೇಕು. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿಗೆ. ಹೇಳದಿದ್ದರೆ ಅದು ಎಲ್ಲರನ್ನೂ ಬೆಂಗಳೂರಿಗೇ ಕಳಿಸುತ್ತೆ. ರಾಜ್ಯದ ತಿದ್ದುಪಡಿಯನ್ನೂ ಹೇಳಿ. ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟವರ ಹಳೆಯ ಕೇಸುಗಳು ನಮ್ಮಲ್ಲಿ ಇನ್ನೂ ಇವೆ. ಪರಿಹಾರ ಒಪ್ಪಿಗೆ ಇಲ್ಲ, ಕೋರ್ಟಿಗೆ ಕಳಿಸಿ ಅಂತ ಅರ್ಜಿ ಹಾಕೋ 1894ರ ಭೂಸ್ವಾಧೀನ ಕಾಯ್ದೆಯ ಕಲಂ 18ಕ್ಕೆ ಕೇಂದ್ರದ ಮೂಲ ಪಾಠದಲ್ಲಿ ಆರು ವಾರ, ಆರು ತಿಂಗಳು ಅಂತ ಇದೆ, ಕರ್ನಾಟಕದ ತಿದ್ದುಪಡಿಯಲ್ಲಿ ನೋಟಿಸ್ ಮುಟ್ಟಿದ 90 ದಿನ. ‘ಕರ್ನಾಟಕ ತಿದ್ದುಪಡಿ ಇದು, ಇದನ್ನೇ ಅನ್ವಯಿಸು’ ಅಂತ ಕಲಮಿನ ಪಾಠವನ್ನೇ ಅಂಟಿಸಿ ಕೊಡೋದು ಒಳ್ಳೇದು.

ಕನ್ನಡದಲ್ಲಾ, ಇಂಗ್ಲಿಷಿನಲ್ಲಾ?

ನಿಮಗೆ ಯಾವ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳೋಕೆ ಬರುತ್ತೋ ಅದರಲ್ಲಿ. ಅರೆಬರೆ ಇಂಗ್ಲಿಷಿನ ಪ್ರಾಂಪ್ಟಿಗಿಂತ ನೇರ ಕನ್ನಡದ ಪ್ರಾಂಪ್ಟ್ ಎಷ್ಟೋ ಮೇಲು. ಆದರೆ ಕಲಮುಗಳ ಚರ್ಚೆ, ಹೈಕೋರ್ಟಿನ ಕರಡು ಇಂಥವನ್ನು ಇಂಗ್ಲಿಷಿನಲ್ಲೇ ಬರೆಯಿಸಿ, ಅದಕ್ಕೆ ಆ ಭಾಷೆಯ ಕಾನೂನು ಜಾಸ್ತಿ ಗೊತ್ತು. ಪಕ್ಷಗಾರರಿಗೆ ಓದಿ ಹೇಳೋ ಕಾಗದ, ಕೆಳಗಿನ ಕೋರ್ಟಿನ ದಾವೆ, ಕೈಫಿಯತ್ತು ಕನ್ನಡದಲ್ಲಿ ಬರೆಯಿಸಿ, ಕನ್ನಡ ಈಗ ಸಾಕಷ್ಟು ಚೆನ್ನಾಗಿ ಬರೆಯುತ್ತೆ.

ಮೂಲ ದಾಖಲೆಯನ್ನು ಮಾತ್ರ ನೀವು ಅನುವಾದ ಮಾಡಿ ಕೊಡಬೇಡಿ, ಇದ್ದ ಹಾಗೇ ಕೊಟ್ಟು ಪದಪಟ್ಟಿ ಜೊತೆಗಿಡಿ. ನಮ್ಮದು ಮುಂಬೈ ಪ್ರಾಂತದಲ್ಲಿದ್ದ ಸೀಮೆ, 1956ರವರೆಗೂ. ಹಾಗಾಗಿ ನಮ್ಮ ಕಾಗದದ ಮಾತು ಮೈಸೂರಿನ ಕಾಗದದ ಮಾತಲ್ಲ. ನನ್ನ ಪ್ರಾಂಪ್ಟಿನ ತಲೆಯಲ್ಲಿ ಈ ಸಾಲುಗಳು ಯಾವಾಗಲೂ ಇರುತ್ತವೆ: ಉತಾರ ಅಂದರೆ ಪಹಣಿ. ವಾಟ್ನಿ ಅಂದರೆ ಆಸ್ತಿ ಪಾಲು. ಖರೇದಿ ಅಂದರೆ ಕ್ರಯ. ವಾರಸಾ ಅಂದರೆ ವಾರಸುದಾರರ ಹೆಸರು ದಾಖಲು ಮಾಡೋದು. ಕೈಫಿಯತ್ತು ಅಂದರೆ ಪ್ರತಿವಾದಿಯ ಲಿಖಿತ ಹೇಳಿಕೆ. ಡೈರಿ ನಂಬರ್ ಅಂದರೆ ಮ್ಯುಟೇಷನ್ ನಂಬರ್, ದಿನಚರಿ ಅಲ್ಲ.

ಮತ್ತೊಂದು ಸಾಲು ಎಲ್ಲಕ್ಕಿಂತ ಬೆಲೆಬಾಳೋದು: ‘ಉತಾರದಲ್ಲಿ 5-20 ಅಂದರೆ 5 ಎಕರೆ 20 ಗುಂಟೆ, 40 ಗುಂಟೆಗೆ 1 ಎಕರೆ.’ ಇದನ್ನು ಹೇಳದಿದ್ದರೆ ಅದು 5.20 ಎಕರೆ ಅಂತ ದಶಮಾಂಶದಲ್ಲಿ ಓದಿ ಮೂವರಿಗೆ ಹಂಚಿ ತಲಾ 1.73 ಅನ್ನುತ್ತೆ. ಸರಿಯಾದ ಲೆಕ್ಕ 220 ಗುಂಟೆ, ತಲಾ 73 ಗುಂಟೆಗಿಂತ ಸ್ವಲ್ಪ ಹೆಚ್ಚು, ಅಂದರೆ 1 ಎಕರೆ 33 ಗುಂಟೆ ಚಿಲ್ಲರೆ. ದಾವೆಯ ಪ್ರಾರ್ಥನೆಯಲ್ಲಿ ಈ ಅಂಕಿ ತಪ್ಪಿದರೆ ಡಿಕ್ರಿ ಆದ ಮೇಲೂ ಅಳತೆಯಲ್ಲಿ ಜಗಳ ಮುಗಿಯೋದಿಲ್ಲ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ನೇರ ಅಂಟಿಸಬೇಡಿ. ಯುನಿಕೋಡ್ ಅಲ್ಲದ ನುಡಿ ಅಕ್ಷರ ಎಐಗೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತೆ, ಆಗ ಅದು ಊಹೆ ಮಾಡೋಕೆ ಶುರು ಮಾಡುತ್ತೆ. ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಿ. ಕೈಬರಹದ ಹಳೆಯ ಉತಾರದ ಫೋಟೊ ಕೊಟ್ಟರೆ ಕನ್ನಡ ಅಂಕಿಗಳನ್ನು, ಅದರಲ್ಲೂ ೬ ಮತ್ತು ೯ನ್ನು, ಒಂದೊಂದಾಗಿ ನೀವೇ ನೋಡಬೇಕು. ಬೆಳಗಾವಿ, ಖಾನಾಪುರದ ಕಡೆ ಬರೋ ಮೋಡಿ ಲಿಪಿಯ ಕಾಗದಕ್ಕೆ ಮಾತ್ರ ಎಐ ನಂಬಬೇಡಿ, ಓದಬಲ್ಲ ಹಿರಿಯರನ್ನೇ ಹುಡುಕಿ.

ಮಾದರಿ ಕೊಟ್ಟು ಬರೆಸೋದು

ನಿಮ್ಮ ಸೀನಿಯರ್ ಬರೆದ ಒಳ್ಳೆಯ ದಾವೆ ಒಂದನ್ನು ಕೊಟ್ಟು ‘ಈ ರೀತಿಯಲ್ಲಿ ಬರೆ’ ಅಂದರೆ, ಹತ್ತು ಸಾಲಿನಲ್ಲಿ ನಮೂನೆ ವಿವರಿಸಿದ್ದಕ್ಕಿಂತ ಚೆನ್ನಾಗಿ ಬರುತ್ತೆ. ನಮ್ಮ ಕೋರ್ಟಿನ ಧಾಟಿ ಸಿಗುತ್ತೆ. ಅಪಾಯ ಒಂದೇ, ಹಳೆಯ ದಾವೆಯ ಚಕ್ಕುಬಂದಿ (ಹೊಲದ ನಾಲ್ಕೂ ದಿಕ್ಕಿನ ಗಡಿ) ಹೊಸದಕ್ಕೆ ನುಸುಳಿಬಿಡುತ್ತೆ. ಮಾದರಿಯಲ್ಲಿನ ಹೆಸರು, ಸರ್ವೆ ನಂಬರು, ತಾರೀಖು, ಚಕ್ಕುಬಂದಿ ಎಲ್ಲ ಅಳಿಸಿ ಖಾಲಿ ಗೆರೆ ಹಾಕಿ ಕೊಡಿ.

ಸರಿನಾ ಅಂತ ಕೇಳೋದಾ, ತಪ್ಪು ಹುಡುಕು ಅನ್ನೋದಾ?

ಕೋರ್ಟಿನಲ್ಲಿ ನಮ್ಮದೇ ಸಾಕ್ಷಿಯ ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ಸೂಚಿಸೋ ಪ್ರಶ್ನೆ ಕೇಳಿದರೆ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಎಐ ಮುಂದೆ ಯಾರೂ ಎದ್ದು ನಿಲ್ಲೋದಿಲ್ಲ, ನಾವೇ ಎಚ್ಚರ ಇರಬೇಕು. ‘ಈ ದಾವೆ ಕಾಲಮಿತಿಯ ಒಳಗೇ ಇದೆ ಅಲ್ವಾ?’ ಅಂದರೆ ಅದು ಹೌದು ಅನ್ನೋ ಕಡೆಗೇ ವಾಲುತ್ತೆ. ಕೇಳಿದವರ ಮಾತಿಗೆ ತಲೆ ಆಡಿಸೋ ಗುಣ ಅದಕ್ಕಿದೆ. ‘ಕಾಲಮಿತಿ ಮೀರಿದೆ ಅಂತ ವಾದಿಸೋಕೆ ಪ್ರತಿವಾದಿಗೆ ಯಾವ ತಾರೀಖುಗಳು ಸಿಗುತ್ತವೆ, ಅದಕ್ಕೆ ವಾದಿಯ ಉತ್ತರ ಏನು’ ಅಂತ ಕೇಳಿದರೆ ಎರಡೂ ಕಡೆ ಕಾಣುತ್ತೆ.

ನನಗೆ ಎಐಯಿಂದ ಅತಿ ಹೆಚ್ಚು ಉಪಯೋಗ ಆಗಿರೋದು ಇಲ್ಲೇ. ದಾವೆ ಬರೆದು ಮುಗಿದ ಮೇಲೆ ಹೊಸ ಚಾಟ್ ತೆರೆದು, ‘ನೀನು ಪ್ರತಿವಾದಿ ಪರ ವಕೀಲ. ಈ ದಾವೆಯಲ್ಲಿ ಒಂದಕ್ಕೊಂದು ಹೊಂದದ ಮಾತು, ಬಿಟ್ಟುಹೋದ ಪಕ್ಷಗಾರರು, ದಾಖಲೆ ಇಲ್ಲದ ಹೇಳಿಕೆ ಎಲ್ಲ ಹುಡುಕು. ವಾದಿಯನ್ನು ಪಾಟೀಸವಾಲು ಮಾಡೋಕೆ ಇಪ್ಪತ್ತು ಪ್ರಶ್ನೆ ಬರೆ’ ಅಂತ ಕೊಡುತ್ತೇನೆ. ಇಪ್ಪತ್ತರಲ್ಲಿ ಹದಿನೈದು ಸಾಮಾನ್ಯ ಇರುತ್ತೆ. ಉಳಿದ ಐದು, ರಾತ್ರಿ ಹನ್ನೊಂದಕ್ಕೆ ದಣಿದ ನನ್ನ ಕಣ್ಣಿಗೆ ಬೀಳದೇ ಇದ್ದದ್ದು.

ಹೆಸರು ಕೊಡೋದಾ ಬೇಡವಾ

ಬೇಡ. ಇದರಲ್ಲಿ ಎರಡು ಮಾತಿಲ್ಲ. ಪಕ್ಷಗಾರರು ನಮಗೆ ನಂಬಿಕೆಯಿಂದ ಹೇಳಿದ್ದನ್ನು ಗುಟ್ಟಾಗಿ ಇಡೋದು ಹೊಸ ಸಾಕ್ಷ್ಯ ಅಧಿನಿಯಮದ ಕಲಂ 132ರ ಪ್ರಕಾರವೂ ನಮ್ಮ ಹೊಣೆ. ಉಚಿತ ಖಾತೆಯಲ್ಲಿ ಬರೆದದ್ದು ಮಾಡೆಲ್ ತರಬೇತಿಗೆ ಹೋಗಬಹುದು, ಸೆಟ್ಟಿಂಗ್ಸಿನಲ್ಲಿ ಅದನ್ನು ನಿಲ್ಲಿಸೋ ಆಯ್ಕೆ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಹೆಸರಿನ ಜಾಗದಲ್ಲಿ ವಾದಿ 1, ಪ್ರತಿವಾದಿ 2 ಅಂತ ಹಾಕಿ, ಆಧಾರ್, ಫೋನು, ಖಾತೆ ನಂಬರ್ ತೆಗೆಯಿರಿ, ಕರಡು ಬಂದ ಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ಹೆಸರು ತುಂಬಿಕೊಳ್ಳಿ. ಪೋಕ್ಸೊ, ಅತ್ಯಾಚಾರದ ಕೇಸಿನ ಕಾಗದಗಳನ್ನು ನಾನು ಎಐಗೆ ಕೊಡೋದೇ ಇಲ್ಲ.

ಒಮ್ಮೆಗೇ ಬರೆಸೋದಾ, ಮೆಟ್ಟಿಲು ಮೆಟ್ಟಿಲಾಗಿಯಾ?

ನೋಟಿಸ್, ಮುಂದೂಡಿಕೆ ಅರ್ಜಿ, ನಕಲಿನ ಅರ್ಜಿಗೆ ಒಂದೇ ಪ್ರಾಂಪ್ಟ್ ಸಾಕು. ವಾಟ್ನಿ ದಾವೆಗೆ ಸಾಲದು. ಅಲ್ಲಿ ಮೊದಲು ವಂಶಾವಳಿ, ಆಮೇಲೆ ಆಸ್ತಿಯ ಪಟ್ಟಿ, ಆಮೇಲೆ ತಾರೀಖಿನ ಪ್ರಕಾರ ಘಟನೆಗಳು, ಕೊನೆಗೆ ದಾವೆ. ಒಂದೊಂದನ್ನೂ ತಿದ್ದಿ ಒಪ್ಪಿಕೊಂಡ ಮೇಲೆ ಮುಂದಿನದು. ವಂಶಾವಳಿಯಲ್ಲಿ ಒಬ್ಬರು ತಪ್ಪಿದರೆ ಮುಂದಿನ ಪಾಲಿನ ಲೆಕ್ಕ ಎಲ್ಲ ತಪ್ಪು. ಚಾಟ್ ಉದ್ದ ಆದ ಹಾಗೆ ಮೊದಲು ಹೇಳಿದ್ದನ್ನು ಅದು ಬಿಡುತ್ತಾ ಹೋಗುತ್ತೆ, ಆಗ ತಿದ್ದಿದ ಪಟ್ಟಿಗಳನ್ನು ತೆಗೆದುಕೊಂಡು ಹೊಸ ಚಾಟ್ ಶುರು ಮಾಡಿ.

ಈ ಮೆಟ್ಟಿಲುಗಳಿಗೆ ಮುಂಚೆ ಇನ್ನೊಂದು ಮೆಟ್ಟಿಲು ಬೇಕು ಅಂತ ನನಗೆ ಗೊತ್ತಾಗಿದ್ದು ಮುಧೋಳ ಕಡೆಯ ಒಂದು ಕೇಸಿನಲ್ಲಿ. ನಾನು ಉತಾರ, ಡೈರಿ ಎಲ್ಲ ಕೊಟ್ಟು ‘ಈ ದಾಖಲೆ ಮಾತ್ರ ನೋಡಿ ವಂಶಾವಳಿ ಮಾಡು’ ಅಂದಿದ್ದೆ. ಅಚ್ಚುಕಟ್ಟಾಗಿ ಮಾಡಿತು, ಮೂವರು ಗಂಡುಮಕ್ಕಳು. ಪಕ್ಷಗಾರ ಅವ್ವನಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. ‘ಸಾಹೇಬ್ರ, ನನ್ನ ಹೆಣ್ಣಮಕ್ಕಳು ಎಲ್ಲಿ ಹೋದ್ರು?’ ಎಷ್ಟೋ ಮನೆಗಳಲ್ಲಿ ಆದ ಹಾಗೆ ಇಲ್ಲೂ ವಾರಸಾ ಮಾಡುವಾಗ ಗಂಡುಮಕ್ಕಳ ಹೆಸರು ಮಾತ್ರ ಹಾಕಿಸಿದ್ದರು. ಕಾಗದದಲ್ಲಿ ಇಲ್ಲದ ಇಬ್ಬರು ಹೆಣ್ಣುಮಕ್ಕಳು ಎಐಗೆ ಹೇಗೆ ಕಾಣಬೇಕು? ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಇದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿ ಆಗಿದೆ. ಅವರಿಬ್ಬರನ್ನು ಬಿಟ್ಟು ದಾವೆ ಹಾಕಿದ್ದರೆ ಅಗತ್ಯ ಪಕ್ಷಗಾರರೇ ಇಲ್ಲದ ದಾವೆ ಆಗುತ್ತಿತ್ತು.

ಅವತ್ತಿನಿಂದ ವಾಟ್ನಿ ಕೇಸಿನ ನನ್ನ ಮೊದಲ ಪ್ರಾಂಪ್ಟ್ ಬರೆಯಿಸೋದಕ್ಕೆ ಅಲ್ಲ, ಅದರಿಂದ ಪ್ರಶ್ನೆ ಕೇಳಿಸಿಕೊಳ್ಳೋದಕ್ಕೆ: ‘ಏನನ್ನೂ ಬರೆಯಬೇಡ. ಈ ದಾಖಲೆಗಳನ್ನು ಓದಿ, ಇವುಗಳಲ್ಲಿ ಕಾಣದ ಆದರೆ ಪಾಲಿಗೆ ಸಂಬಂಧಿಸಿದ ಸಂಗತಿಗಳ ಬಗ್ಗೆ ನನಗೆ ಪ್ರಶ್ನೆ ಕೇಳು. ಪ್ರತಿ ತಲೆಮಾರಿಗೂ ಹೆಂಡತಿ, ಹೆಣ್ಣುಮಕ್ಕಳು, ತೀರಿಕೊಂಡವರು, ದತ್ತು, ಮೊದಲೇ ಆದ ವಾಟ್ನಿ, 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಮಾರಾಟ, ಒಂದೊಂದನ್ನೂ ಬೇರೆಯಾಗಿ ಕೇಳು.’ ಆ ತಾರೀಖಿಗೆ ಮುಂಚಿನ ಮಾರಾಟವನ್ನು 2005ರ ತಿದ್ದುಪಡಿ ಮುಟ್ಟೋದಿಲ್ಲ, ಅದಕ್ಕೇ ಅದು ಪ್ರಾಂಪ್ಟಿನಲ್ಲಿದೆ. ಬಂದ ಪ್ರಶ್ನೆಗಳನ್ನು ಪ್ರಿಂಟ್ ತೆಗೆದು ಪಕ್ಷಗಾರರನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತೇನೆ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಅರ್ಧ ಗಂಟೆ ಹಿಡಿಯುತ್ತೆ. ಮೊದಲ ಸಲ ಎಐಗೆ ಆ ಉತ್ತರ ಕೊಟ್ಟ ಮೇಲೆ ಬಂದ ವಂಶಾವಳಿಯಲ್ಲಿ ಐದು ಹೆಸರಿದ್ದವು, ಆ ಅವ್ವ ಬೆರಳು ಮಡಚಿ ಎಣಿಸಿ ನೋಡಿ, ‘ಈಗ ಬರೋಬ್ಬರಿ ಐತ್ರಿ’ ಅಂದರು.